ಒಂದು ಸಿದ್ದೆ ತೌಡು

ಮಗುವನ್ನು ಮಾರುವ ದಿನ ನಾಗಶ್ರೀ ಗೆರಸಿಯನ್ನು ಎರಡು ಸಲ ಬಿಸಿನೀರಿನಲ್ಲಿ ತೊಳೆಸಿದಳು. ಆಮೇಲೆ ಡೆಟ್ಟಾಲ್ ಹಾಕಿ ಒರೆಸಿ ಬಿಸಿಲಿಗಿಡಿ ಎಂದು ಅತ್ತೆಗೆ ಮೆಲ್ಲಗೆ ಹೇಳಿದಳು. ಅತ್ತೆ ವೈಜಯಂತಿ ಹೇಳಿದಷ್ಟನ್ನೂ ಮಾಡಿದರು, ಆದರೆ ಸುಮ್ಮನೆ ಮಾಡಲಿಲ್ಲ.

"ಅಕ್ಕಿ ಕೇರೂ ಗೆರಸಿ ಇದು. ಇನ್ನು ಆರು ತಿಂಗಳು ನಮ್ಮನೆ ಅನ್ನ ಆಸ್ಪತ್ರೆ ವಾಸನೆ ಹೊಡೀತದೆ" ಎಂದರು.

ಅದು ೨೦೦೪ರ ನವೆಂಬರ್ ಕೊನೆ. ಬಿಣಗಾದಲ್ಲಿ ಹೆದ್ದಾರಿಯಿಂದ ನಾಲ್ಕು ಮೆಟ್ಟಿಲು ಕೆಳಗಿಳಿದರೆ ಸಿಗುವ ಬಾಡಿಗೆ ಮನೆ. ನಾಗಶ್ರೀಯ ಗಂಡ ಸತೀಶ ಅಲ್ಲಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ಮಗುವಿಗೆ ಅಂದು ಹನ್ನೆರಡನೆಯ ದಿನ. ಅದಕ್ಕಿಂತ ಎರಡು ವರ್ಷ ಮೊದಲು ಇದೇ ಮನೆಯಲ್ಲಿ ಇನ್ನೊಂದು ಮಗುವಿತ್ತು. ಅದು ಹನ್ನೊಂದು ದಿನ ಬದುಕಿತ್ತು. ಹೆಸರಿಡಲು ತಂದಿದ್ದ ತೊಟ್ಟಿಲನ್ನು ಹೆಸರಿಡದೆಯೇ ಹಿಂದಕ್ಕೆ ಕೊಟ್ಟಿದ್ದರು. ಆ ಮಗುವಿನ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ನಾಗಶ್ರೀಯಂತೂ ಅದರ ಬಗ್ಗೆ ತನ್ನ ತಾಯಿಯೊಡನೆಯೂ ಬಾಯಿ ಬಿಟ್ಟವಳಲ್ಲ.

ಅದಕ್ಕೇ ಈ ಮಾರಾಟ. ಮೊದಲಿನದು ಕೈಗೆ ಹತ್ತದಿದ್ದರೆ ಎರಡನೆಯದನ್ನು ಇಟ್ಟುಕೊಳ್ಳಬಾರದು, ಹೆತ್ತದ್ದೆಲ್ಲ ಉಳಿದ ಹೆಂಗಸಿನ ಕೈಗೆ ಮಾರಿಬಿಡಬೇಕು. ಆಗ ಆ ಮನೆಯ ಮಗುವನ್ನು ಹುಡುಕಿಕೊಂಡು ಬರುವ ಕೇಡಿಗೆ ಅಲ್ಲಿ ಆ ಮನೆಯ ಮಗುವೇ ಸಿಗುವುದಿಲ್ಲ. ಇದು ವೈಜಯಂತಿಯವರ ತವರಿನ ಕ್ರಮ. ಬಿ.ಎಸ್ಸಿ. ಓದಿದ ಸೊಸೆ ಒಪ್ಪಲಿಕ್ಕಿಲ್ಲ ಎಂದು ಅವರು ವಾರವಿಡೀ ಮಾತು ಜೋಡಿಸಿಟ್ಟುಕೊಂಡಿದ್ದರು. ನಾಗಶ್ರೀ ಮೊದಲ ಮಾತಿಗೇ "ಆಯ್ತು" ಅಂದಳು. ನಂಬಿಕೆ ಇತ್ತೆಂದಲ್ಲ. ಮಾಡದೆ ಬಿಟ್ಟು ಆಮೇಲೆ ಏನಾದರೂ ಆದರೆ ಆ ಲೆಕ್ಕಕ್ಕೆ ಉತ್ತರ ಕೊಡುವ ಧೈರ್ಯ ಅವಳಿಗಿರಲಿಲ್ಲ.

ಕೊಳ್ಳಲು ಬಂದವಳು ಹಟ್ಟಿಕೇರಿಯ ಹೊನ್ನು. ವಾರಕ್ಕೊಮ್ಮೆ, ಬುಧವಾರ, ಹರಿವೆ, ಮೂಲಂಗಿ, ಗೆಣಸಿನ ಬುಟ್ಟಿ ಹೊತ್ತು ಕಾರವಾರದ ಬಸ್ಸಿನಲ್ಲಿ ಬಂದು ಬಿಣಗಾದ ಮನೆಗಳಿಗೆ ಮಾರಿ ಹೋಗುತ್ತಿದ್ದ ಹೆಂಗಸು. ಕುತ್ತಿಗೆ ತುಂಬ ಕರಿಮಣಿ, ಬಾಯಿ ತುಂಬ ಎಲೆಯಡಿಕೆಯ ಕವಳ. ಹೆತ್ತ ಐವರೂ ಗಟ್ಟಿಮುಟ್ಟಾಗಿ ಬದುಕಿದ್ದರು. ವೈಜಯಂತಿ ಹತ್ತು ವರ್ಷದಿಂದ ಅವಳ ಹತ್ತಿರ ಸೊಪ್ಪು ಕೊಳ್ಳುತ್ತಿದ್ದರು, ಹತ್ತು ವರ್ಷವೂ ಚೌಕಾಸಿ ಮಾಡಿದ್ದರು. ಇಂದು ಚೌಕಾಸಿ ತಿರುಗುಮುರುಗಾಯಿತು.

ಮಗುವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ಗೆರಸಿಯಲ್ಲಿ ಮಲಗಿಸಿ, ಹೊಸಿಲಿನ ಮೇಲಿಟ್ಟರು. ಹೊನ್ನು ಅಂಗಳದಲ್ಲಿ ನಿಂತಳು.

"ಅಮ್ಮಾ, ಇಲ್ಲೇನೋ ಮಾರೂಕುಂಟು ಅಂತ ಕೇಳ್ದೆ."

"ಹೌದೆ, ಒಂದು ಪೋರ ಇದೆ. ನಮ್ಗೆ ಬ್ಯಾಡಾಗಿದೆ. ಯಾರಾದ್ರೂ ತಕಂಡ್ರೆ ಕೊಟ್ಬಿಡ್ತೇವೆ."

ಹೊನ್ನು ಬಗ್ಗಿ, ಕೊಳೆತ ಬದನೆ ಆರಿಸುವವಳಂತೆ ಮಗುವನ್ನು ಆಚೀಚೆ ನೋಡಿದಳು. "ಇದಾ? ಮೂಗು ನೋಡಿ, ತುಳಿದ ಗೇರುಬೀಜದಾಂಗೆ. ಬಣ್ಣ ಸುಟ್ಟ ಗೆಣಸು. ತಲೇಲಿ ನಾಕು ಕೂದ್ಲೂ ಇಲ್ಲ."

"ಕೂದ್ಲು ಬತ್ತದೆ ಮಾರಾಯ್ತಿ. ಹೊಸ ಮಾಲು."

"ಹೊಸ ಮಾಲಾದ್ರೆ ಇಷ್ಟ್ ಸುಕ್ಕು ಎಂತಕ್ಕೆ? ಒಂದು ಸಿದ್ದೆ ತೌಡು ಕೊಡ್ತೆ. ಮೇಲೆ ಒಂದ್ ಹಿಡಿ ಕೇಳಿದ್ರೂ ನಾ ಹೋತೆ."

ಅಕ್ಕಿ ಅಳೆಯುವ ಹಿತ್ತಾಳೆಯ ಸಿದ್ದೆಯೊಂದರಲ್ಲಿ ಗೋಪುರದಂತೆ ತೌಡು ತುಂಬಿ ತಂದಿದ್ದಳು. ಅದನ್ನು ಹೊಸಿಲಿನ ಮೇಲೆ ಇಟ್ಟಳು. ಇನ್ನು ತಾಯಿ 'ಕೊಟ್ಟೆ' ಅನ್ನಬೇಕು. ಬಾಗಿಲ ಒಳಗೆ ಕುಳಿತಿದ್ದ ನಾಗಶ್ರೀಯ ನಾಲಿಗೆ ಏಳಲಿಲ್ಲ. ಎಲ್ಲವೂ ಆಟ ಎಂದು ಗೊತ್ತಿತ್ತು. ಆದರೂ ಅಂಗಳದ ಆ ಹೆಂಗಸಿನ ಕೈ ನಿಜವಾದ ಕೈ, ಗೆರಸಿಯ ಅಂಚಿನ ಮೇಲಿತ್ತು.

"ಹೇಳು ತಂಗಿ" ಎಂದಳು ಹೊನ್ನು, ಈಗ ನಗದೆ. "ನೀ ಹೇಳ್ದೆ ನಾ ಎತ್ತೂದಿಲ್ಲ."

"ಕೊಟ್ಟೆ."

ಹೊನ್ನು ಗೆರಸಿ ಎತ್ತಿಕೊಂಡು ಅಂಗಳದ ತುದಿಯವರೆಗೆ ನಡೆದಳು, ಹಿಂದಿರುಗಿ ನೋಡದೆ. ಅಲ್ಲಿಂದ ತಿರುಗಿ ಬಂದು ಮಗುವನ್ನು ಹೊಸಿಲಿನ ಮೇಲಿಟ್ಟು, "ಇವ ಇನ್ನು ನನ್ನ ಮಗ. ಹೆಸ್ರು ತೌಡ. ಸಾಕೂಕೆ ನಿಮ್ಮಲ್ಲಿ ಬಿಟ್ಟು ಹೋತೆ. ಪರರ ಸೊತ್ತು, ಚೆಂದಾಗಿ ನೋಡ್ಕಣಿ" ಎಂದಳು.

ತೌಡನ್ನು ಪಕ್ಕದ ಮನೆಯ ದನಕ್ಕೆ ಹಾಕಿದರು. ಬರಿದಾದ ಸಿದ್ದೆಯನ್ನು ವೈಜಯಂತಿ ದೇವರ ಕೋಣೆಯ ಮೂಲೆಯಲ್ಲಿ ಮಗುಚಿ ಇಟ್ಟರು.

ಅಂದಿನಿಂದ ಆ ಮನೆಯಲ್ಲಿ 'ನಮ್ಮ ಮಗು' ಎಂಬ ಮಾತು ನಿಂತಿತು. ಹುಟ್ಟಿದ ದಾಖಲೆಗೆ ಸಮರ್ಥ ಎಂದು ಬರೆಸಿದ್ದರೂ ಅತ್ತೆ ಕರೆಯುವುದು ತೌಡ ಎಂದೇ. ಆರು ವಾರದ ಚುಚ್ಚುಮದ್ದಿಗೆ ಹೋದಾಗ ನರ್ಸ್ "ತಾಯಿ ಹೆಸರು?" ಎಂದು ಕೇಳಿದಳು. ನಾಗಶ್ರೀ ತನ್ನ ಹೆಸರು ಹೇಳುವುದೂ ಅತ್ತೆ "ಹೊನ್ನು" ಎನ್ನುವುದೂ ಒಂದೇ ಸಲ ಆಯಿತು.

"ಯಾರಾದ್ರೂ ಒಬ್ರು ಹೆತ್ತವ್ರು ಹೇಳಿ" ಎಂದು ನರ್ಸ್ ಪೆನ್ನು ಎತ್ತಿಹಿಡಿದಳು. ಕಾರ್ಡಿನಲ್ಲಿ ನಾಗಶ್ರೀ ಎಂದು ಬಿತ್ತು.

ಹೊನ್ನುವಿಗೆ ಮಾತ್ರ ಇದು ಆಟವಾಗಿರಲಿಲ್ಲ. ಪ್ರತಿ ಬುಧವಾರ ಬುಟ್ಟಿ ಇಳಿಸಿದವಳೇ ಕಾಲು ತೊಳೆದು ಒಳಗೆ ಬರುತ್ತಿದ್ದಳು. "ನನ್ನ ಮಗನಿಗೆ ಹಾಲು ಸಾಕಾಗ್ತದಾ? ಸೊರಗಿದಾಂಗೆ ಕಾಣ್ತದೆ" ಎಂದು ಕೇಳುವಳು. ನಾಗಶ್ರೀಗೆಂದು ಸಬ್ಬಸಿಗೆ ಸೊಪ್ಪು, ಮಗುವಿಗೆಂದು ತನ್ನ ಹಳೆಯ ಸೀರೆಯ ಮೆತ್ತನೆ ದುಪ್ಪಟಿ, ಏನಾದರೊಂದು ತರುವಳು. ಅದಕ್ಕೆ ದುಡ್ಡು ಕೊಡಹೋದರೆ, "ನನ್ನ ಮಗನ ಸಾಕೂರಿಗೆ ನಾ ಕೊಡೂದು, ನೀವು ಕೊಡೂದಲ್ಲ" ಎನ್ನುವಳು. ಮಗುವನ್ನು ಚಾಚಿದ ಕಾಲುಗಳ ಮೇಲೆ ಮಲಗಿಸಿಕೊಂಡು, ಕವಳದ ಬಾಯಿಯನ್ನು ಅದರ ಕೆನ್ನೆಗೊತ್ತಿ ಮಾತಾಡುವಳು. ಮಗು ಕೈಕಾಲು ಬಡಿದು ಅವಳ ಕರಿಮಣಿ ಹಿಡಿಯುವುದು.

ನಾಗಶ್ರೀ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವಳಿಗೆ ಕಾಣುವುದೆಲ್ಲ ಆಪತ್ತೇ. ಉಗುರಿನಲ್ಲಿ ಮಣ್ಣು. ಸೆರಗಿನಲ್ಲಿ ಬಸ್ಸಿನ ಧೂಳು. ನಗುವಾಗ ಹಾರುವ ಕೆಂಪು ಹನಿ. ಹೊನ್ನು ಮೆಟ್ಟಿಲು ಹತ್ತಿ ಹೋದ ಕೂಡಲೇ ಕುದಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಮಗುವಿನ ಕೆನ್ನೆ ಒರೆಸುತ್ತಿದ್ದಳು. ಒಮ್ಮೆ ಹೊನ್ನು ಬಜೆ ತೇಯ್ದು, ಬೆರಳ ತುದಿಯಲ್ಲಿ ತೆಗೆದು, ಉಫ್ ಎಂದು ಊದಿ ಮಗುವಿನ ನಾಲಿಗೆಗೆ ಹಚ್ಚಿದಳು. ನಾಗಶ್ರೀ ಅಂದು ಸಂಜೆಯವರೆಗೆ ನಾಲ್ಕು ಸಲ ಥರ್ಮಾಮೀಟರ್ ಇಟ್ಟಳು.

ಇನ್ನೊಂದು ಸಂಗತಿಯೂ ಇತ್ತು. ಅದನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಹೊನ್ನುವಿನ ಕಾಲ ಮೇಲೆ ಮಗು ನಗುವಷ್ಟು ತನ್ನ ಮಡಿಲಲ್ಲಿ ನಗುತ್ತಿರಲಿಲ್ಲ. ತನ್ನ ಮಡಿಲಲ್ಲಿ ಅದು ತನ್ನನ್ನೇ ನೋಡುತ್ತಿತ್ತು, ಏನಾಗಿದೆ ಎಂದು ಕೇಳುವ ಹಾಗೆ.

ಸಂಕ್ರಾಂತಿಯ ಹೊತ್ತಿಗೆ ವೈಜಯಂತಿ ಮೂರು ವಾರಕ್ಕೆಂದು ಚಿತ್ತಾಕುಲದ ಮಗಳ ಮನೆಗೆ ಹೋದರು. ಹಬ್ಬಕ್ಕೆಂದು ದೇವರ ಕೋಣೆ ಗುಡಿಸುವಾಗ ಮೂಲೆಯಲ್ಲಿ ಸಿದ್ದೆ ಸಿಕ್ಕಿತು. ಹೊನ್ನುವಿನದು. ಎರಡು ತಿಂಗಳಿಂದ ಪರರ ಪಾತ್ರೆ ಮನೆಯಲ್ಲಿದೆ, ಪಾಪ ಅವಳಾಗಿ ಕೇಳಿಲ್ಲ. ನಾಗಶ್ರೀ ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟಳು.

ಬುಧವಾರ ಹೊನ್ನು ಬಂದಾಗ ಕೊಟ್ಟಳು. ಬರಿದಾಗಿ ಕೊಡಲಿಲ್ಲ. ಪರರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ಅವಳು ತಾಯಿಯ ಮನೆಯಿಂದ ಕಲಿತ ಪಾಠ. ಸಾರು ಬಂದ ತಪ್ಪಲೆಗೆ ನಾಲ್ಕು ಮೆಣಸಿನಕಾಯಿಯಾದರೂ ಹಾಕಿ ಕೊಡಬೇಕು. ಸಿದ್ದೆ ಅಳೆಯುವ ಪಾತ್ರೆ, ಅದಕ್ಕೆ ಅಕ್ಕಿಯೇ ಸರಿ ಎಂದು ಡಬ್ಬಿಯಿಂದ ಅಕ್ಕಿ ತೆಗೆದು ತುಂಬಿದಳು, ಕಂಠ ಮಟ್ಟ, ಮೇಲೊಂದು ಹಿಡಿ.

ಹೊನ್ನು ಆಗಷ್ಟೇ ಕಾಲು ತೊಳೆದು ಬಂದು ಹೊಸಿಲ ಬಳಿ ನಿಂತಿದ್ದಳು. ಚಾಚಿದ ಕೈಗೆ ಸಿದ್ದೆ ಬಂತು. ಅದನ್ನು ನೋಡಿದಳು. ನಾಗಶ್ರೀಯ ಮುಖ ನೋಡಿದಳು.

"ತುಂಬ್ಸಿ ಕೊಟ್ಯಾ ತಂಗಿ?"

"ಖಾಲಿ ಕೊಡೂದು ಹ್ಯಾಂಗೆ ಹೊನ್ನಕ್ಕ?"

"ಅಮ್ಮನ ಕೇಳಿದ್ಯಾ?"

"ಅತ್ತೆ ಊರಲ್ಲಿಲ್ಲ. ಇದಕ್ಕೂ ಕೇಳ್ಬೇಕಾ?"

ಹೊನ್ನು ಸಿದ್ದೆಯನ್ನು ಬುಟ್ಟಿಯಲ್ಲಿಟ್ಟು ಮೇಲೆ ಬಟ್ಟೆ ಮುಚ್ಚಿದಳು. ಒಳಗೆ ಚಾಪೆಯ ಮೇಲೆ ಮಗು ಇತ್ತು. ಅದು ಇವಳ ದನಿ ಕೇಳಿ ಕಾಲು ಬಡಿಯುತ್ತಿತ್ತು. ಹೊನ್ನು ಹೊಸಿಲಿನಿಂದಲೇ ಕತ್ತು ಚಾಚಿ ನೋಡಿ, ಒಳಗೆ ಬರದೆ, ಬುಟ್ಟಿ ಹೊತ್ತು ಹೋದಳು. ಅವಸರ ಇರಬೇಕು ಎಂದುಕೊಂಡಳು ನಾಗಶ್ರೀ. ಅಂದು ಮಗುವಿನ ಕೆನ್ನೆ ಒರೆಸುವ ಕೆಲಸವಿರಲಿಲ್ಲ.

ಮುಂದಿನ ಬುಧವಾರ ಹೊನ್ನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಆ ಶುಕ್ರವಾರ ಮಗುವಿಗೆ ಭೇದಿ ಸುರುವಾಯಿತು, ಸಂಜೆಗೆ ಜ್ವರ.

ಕಾರವಾರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇದು ಸಣ್ಣದು, ಎದೆಹಾಲು ನಿಲ್ಲಿಸಬೇಡಿ, ಈ ಪುಡಿಯ ನೀರು ಚಮಚದಲ್ಲಿ ಕೊಡುತ್ತಿರಿ, ಮೂರು ದಿನದಲ್ಲಿ ಇಳಿಯುತ್ತದೆ ಎಂದರು. ನಾಗಶ್ರೀ ಪ್ರತಿ ಚಮಚವನ್ನೂ ಹೊತ್ತು ಸಮೇತ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟಳು. ಸತೀಶ ಬೆಳಗಿನ ಆರಕ್ಕೆ ಪಾಳಿ ಮುಗಿಸಿ ಬಂದವನು ಚಪ್ಪಲಿ ಕಳಚುವ ಮೊದಲೇ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ನೋಡುವುದನ್ನು ಅವಳು ಕಂಡಳು. ಕಂಡೂ ಕಾಣದಂತೆ ಒಲೆಯ ಕಡೆ ತಿರುಗಿದಳು.

ಸುದ್ದಿ ಕೇಳಿ ವೈಜಯಂತಿ ಚಿತ್ತಾಕುಲದಿಂದ ಮೊದಲ ಬಸ್ಸಿಗೇ ಬಂದರು. ದೇವರಿಗೆ ದೀಪ ಹಚ್ಚಲು ಹೋದವರು ದೀಪ ಹಚ್ಚದೆ ಹೊರಗೆ ಬಂದರು.

"ಇಲ್ಲಿದ್ದ ಸಿದ್ದೆ ಎಲ್ಲಿ?"

"ಹೊನ್ನಕ್ಕನ ಪಾತ್ರೆ ಅಲ್ಲವಾ, ಕೊಟ್ಟೆ."

"ಖಾಲಿ ಕೊಟ್ಯಾ?"

"ಖಾಲಿ ಹ್ಯಾಂಗೆ ಕೊಡ್ಲಿ? ಅಕ್ಕಿ ತುಂಬ್ಸಿ ಕೊಟ್ಟೆ."

ವೈಜಯಂತಿ ಗೋಡೆ ಹಿಡಿದು ಕುಳಿತರು. ಬೈಯುವ ದನಿಯಲ್ಲಲ್ಲ, ಬಳಲಿದ ದನಿಯಲ್ಲಿ ಹೇಳಿದರು. "ಬಿಡಿಸ್ಕಂಡ್ಬಿಟ್ಯಲ್ಲೆ. ತೌಡು ಕೊಟ್ಟು ಕೊಂಡ ಮಗುವನ್ನ ಅಕ್ಕಿ ಕೊಟ್ಟು ಬಿಡಿಸ್ಕಳೂದು. ಅದೇ ಸಿದ್ದೆಲಿ, ಅದೇ ಹೊಸಿಲಲ್ಲಿ. ಮೂರು ವರ್ಷ ತುಂಬಿ ಕೂದಲು ತೆಗೆಸೂ ದಿನ ಆಗ್ಬೇಕಾದ್ದು. ನೀ ಎರಡು ತಿಂಗಳಿಗೇ ಮುಗಿಸ್ದೆ."

"ನನ್ಗೆ ಯಾರೂ ಹೇಳ್ಲಿಲ್ಲ."

"ನಾನೇ ಹೇಳ್ಬೇಕಿತ್ತು. ಓದಿದವ್ಳು, ಇಷ್ಟಕ್ಕೇ ನಗ್ತಿದ್ದಿ, ಉಳಿದದ್ದು ಆಮೇಲೆ ಹೇಳುವಾ ಅಂತ ಬಿಟ್ಟೆ. ಪಾತ್ರೆ ತುಂಬ್ಸಿ ಕೊಡೂ ಬುದ್ಧಿ ಒಳ್ಳೇದೇ. ಒಳ್ಳೆ ಬುದ್ಧಿಯೇ ಕುತ್ತಿಗೆಗೆ ಬಂತು."

ಸತೀಶ ಮಧ್ಯೆ ಬಂದ. "ಅಬ್ಬೆ, ಹೋದದ್ದು ಒಂದು ಸಿದ್ದೆ ಅಕ್ಕಿ. ಡಾಕ್ಟರು ಹೇಳಿದ್ರಲ್ಲ, ಊರಿಗೆಲ್ಲ ಭೇದಿ ಬಂದಿದೆ ಅಂತ. ಅವ್ರೆಲ್ಲ ಅಕ್ಕಿ ಅಳೆದಿದ್ರಾ?"

"ನೀ ಸುಮ್ನಿರು. ಊರಿಗೆ ಮೊದ್ಲೊಂದು ಹೋಗಿರ್ಲಿಲ್ಲ."

ನಾಗಶ್ರೀ ಪುಡಿಯ ನೀರಿನ ಚಮಚ ಎತ್ತಿಕೊಂಡು ಮಗುವಿನ ಬಳಿ ಹೋದಳು.

ಡಾಕ್ಟರು ಹೇಳಿದಂತೆ ಮೂರನೆಯ ದಿನಕ್ಕೆ ಭೇದಿ ಇಳಿಯಿತು. ಐದನೆಯ ದಿನ ಮಗು ನಕ್ಕಿತು. ನಾಗಶ್ರೀಗೆ ಮಾತ್ರ ನೆಮ್ಮದಿ ಬರಲಿಲ್ಲ. ಈ ಸಲ ಸಣ್ಣದು. ಮುಂದಿನ ಸಲ? ಕಾಲೇಜಿನಲ್ಲಿ ಓದಿದ್ದೆಲ್ಲ ಒಂದು ತಟ್ಟೆಯಲ್ಲಿ, ಆ ಅಕ್ಕಿ ಇನ್ನೊಂದು ತಟ್ಟೆಯಲ್ಲಿ. ಅಕ್ಕಿಯೇ ಕೆಳಗೆ ಜಗ್ಗುತ್ತಿತ್ತು. ಅದಕ್ಕಿಂತಲೂ ಕುಟುಕುತ್ತಿದ್ದುದು ಬೇರೆ. 'ಯಾರೂ ಹೇಳಲಿಲ್ಲ' ಎಂದಿದ್ದಳು, ಅದು ನಿಜ. ಆದರೆ ಹೊನ್ನು ಒಳಗೆ ಬರದೆ ಹೋದಾಗ ತನ್ನ ಎದೆಯಲ್ಲಿ ಹಗುರಾದದ್ದೇನು? ಅತ್ತೆ ಬರುವವರೆಗೆ ಕಾಯದೆ ಆ ಬುಧವಾರವೇ ಯಾಕೆ ಕೊಡಬೇಕಿತ್ತು? ಮನಸ್ಸಿಗೆ ಗೊತ್ತಿಲ್ಲದ್ದು ಕೈಗೆ ಗೊತ್ತಿತ್ತೇ?

"ನಾ ಹಟ್ಟಿಕೇರಿಗೆ ಹೋಗ್ತೆ" ಎಂದಳು ಅತ್ತೆಗೆ. "ಮತ್ತೆ ಕೊಂಡ್ಕಳ್ಳಿ ಅಂತ ಕೇಳ್ತೆ."

ವೈಜಯಂತಿ ಮೊಣಕಾಲು ನೀವಿಕೊಳ್ಳುತ್ತ ಮಗನ ಮುಖ ನೋಡಿದರು. ಸತೀಶ ಕೊಡೆ ತೆಗೆದುಕೊಟ್ಟ, ಬಿಸಿಲಿಗೆ.

ಮಗುವನ್ನೆತ್ತಿಕೊಂಡು ಹೊರಟವಳನ್ನು ಅಂಕೋಲೆಯ ಬಸ್ಸು ಅವರ್ಸಾ ದಾಟಿ ಹಟ್ಟಿಕೇರಿಯಲ್ಲಿ ಇಳಿಸಿತು. ಕೇಳಿಕೊಂಡು ಹೋದರೆ ಹೊನ್ನುವಿನ ಮನೆ ಗದ್ದೆಯ ಏರಿಯಾಚೆ. ಸೆಗಣಿ ಸಾರಿಸಿದ ಅಂಗಳ ತಟ್ಟೆಯಂತೆ ನುಣ್ಣಗಿತ್ತು. ಪಕ್ಕದಲ್ಲಿ ಮೂಲಂಗಿಯ ಸಾಲು, ಗೆಣಸಿನ ಬಳ್ಳಿ. ಬೇಲಿಯ ಬದಿಯಲ್ಲಿ ಒಬ್ಬ ಗೂಟ ಕೆತ್ತುತ್ತಿದ್ದ. ಬಾವಿಕಟ್ಟೆಯಿಂದ ಕೊಡ ಎತ್ತಿಕೊಂಡು ಬಂದ ಹುಡುಗಿಯನ್ನು ಕಂಡು ನಾಗಶ್ರೀ ನಿಂತಲ್ಲೇ ನಿಂತಳು. ಏಳೆಂಟು ತಿಂಗಳಾದರೂ ತುಂಬಿದ ಹೊಟ್ಟೆ.

"ಅತ್ತೀ, ಯಾರೋ ಮಗು ಎತ್ಕಂಡು ಬಂದ್ರು" ಎಂದು ಕೂಗಿ, ಹುಡುಗಿ ನಾಚಿ ಕಂಬದ ಹಿಂದೆ ಸರಿದಳು.

ಹೊನ್ನು ಕೈಯೊರೆಸಿಕೊಂಡು ಹೊರಬಂದಳು. ಮೊದಲು ಮಗುವನ್ನು ನೋಡಿದಳು, ಆದರೆ ಕೈ ಚಾಚಲಿಲ್ಲ. "ಸೊರಗ್ಯದೆ. ಎಂತ ಆಗಿತ್ತು?"

ನಾಗಶ್ರೀ ಹೇಳಿದಳು. ಚಾಪೆ ಬಂತು, ಬೆಲ್ಲ ನೀರು ಬಂತು. ನೀರು ಕುದಿಸಿದ್ದೋ ಅಲ್ಲವೋ ಎಂದು ಯೋಚಿಸಿ, ಯೋಚಿಸಿದ್ದಕ್ಕೆ ನಾಚಿ, ಒಂದೇ ಗುಟುಕಿಗೆ ಕುಡಿದಳು.

"ಇವ ನನ್ನ ಹಿರಿಮಗ ಪ್ರದೀಪ. ಅದು ಸೊಸೆ, ಕವಿತಾ. ನಾಕು ವರ್ಷಕ್ಕೆ ನಿಂತದ್ದು ಈ ಬಸರು" ಎಂದಳು ಹೊನ್ನು.

"ಹೊನ್ನಕ್ಕ, ನೀವು ಬರ್ಲೇ ಇಲ್ಲ."

"ನೀ ಬಿಡಿಸ್ಕಂಡೆ, ನಾ ಬಿಟ್ಟೆ. ಮತ್ತೆ ಯಾವ ಮುಖ ಇಟ್ಕಂಡು ಒಳಗೆ ಬಂದು ಎತ್ಕಳೂದು?" ದನಿಯಲ್ಲಿ ದೂರು ಇರಲಿಲ್ಲ. "ಬ್ಯಾಸರ ಆಯ್ತು, ಸುಳ್ಳು ಹೇಳೂದಿಲ್ಲ. ಆದ್ರೆ ಹೆತ್ತ ತಾಯಿ ಅಕ್ಕಿ ಅಳೆದು ಕೊಟ್ರೆ ಬ್ಯಾಡ ಅಂಬೂಕೆ ಬತ್ತದಾ? ಅವ ನಿನ್ನವ."

"ನನ್ಗೆ ಕ್ರಮ ಗೊತ್ತಿರ್ಲಿಲ್ಲ. ಪಾತ್ರೆ ಖಾಲಿ ಕೊಡಬಾರ್ದು ಅಂತ..." ನಾಗಶ್ರೀ ತಡೆದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾತು ಮುಗಿಯುತ್ತಿತ್ತು. "ಅದು ಖರೆ. ಆದ್ರೆ ಇನ್ನೊಂದೂ ಖರೆ. ನೀವು ಬಂದು ಎತ್ಕಳೂದು ನನ್ಗೆ ಬ್ಯಾಡಾಗಿತ್ತು."

ಗೂಟ ಕೆತ್ತುವ ಸದ್ದು ನಿಂತಿತು. ಹೊನ್ನು ಕವಳ ಉಗುಳಿ ಬಂದು ಕುಳಿತು ನಕ್ಕಳು.

"ಗೊತ್ತುಂಟು ತಂಗಿ. ನಾ ಮೆಟ್ಲು ಹತ್ತಿ ನಿಂತ್ರೆ ನಿಮ್ಮ ಕಿಟಕಿ ಒಳಗೆ ಸಮಾ ಕಾಣ್ತದೆ. ಗೋಡೆಗೆ ಸುಣ್ಣ ಹೊಡ್ದಾಂಗೆ ಅವನ ಕೆನ್ನೆ ಒರಸ್ತಿದ್ದಿ."

ನಾಗಶ್ರೀಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. "ಕಂಡೂ ಬರ್ತಿದ್ರಾ?"

"ಒಂದ್ ಮಗು ಮಣ್ಣಿಗಿಟ್ಟವ್ಳು ಒರಸ್ದೆ ಮತ್ತೆಂತ ಮಾಡ್ತಾಳೆ? ನನ್ನ ಕೆನ್ನೆ ಅಲ್ವಲ್ಲ, ಅವನ್ದು."

ಆಗ ಪ್ರದೀಪ ಬೇಲಿಯ ಬದಿಯಿಂದ ಎದ್ದು ಬಂದ. ಕತ್ತಿಯನ್ನು ಕೆಳಗಿಟ್ಟು, ಮರ್ಯಾದೆಯಿಂದಲೇ, ಆದರೆ ಮುಖ ನೋಡದೆ ಹೇಳಿದ. "ಅಕ್ಕಾ, ನೀವು ಎಂತಕ್ಕೆ ಬಂದ್ರಿ ಗೊತ್ತಾಯ್ತು. ತಪ್ಪು ತಿಳೀಬೇಡಿ. ಮಗು ಕೊಂಡ್ರೆ ಅದ್ರ ಗ್ರಾಚಾರನೂ ಕೊಂಡಾಂಗೆ ಅಂತಾರೆ ನಮ್ಮಲ್ಲಿ. ಅದು ಕೊಂಡವ್ರ ಮನೆಗೆ ಬತ್ತದೆ. ಆವಾಗ ಇವ್ಳಿಗೆ ಐದು ತಿಂಗ್ಳು. ನಮ್ಗೆ ಯಾರ್ಗೂ ಹೇಳ್ದೆ ಸಿದ್ದೆಲಿ ತೌಡು ತುಂಬ್ಕಂಡು ಬಂದಿತ್ತು ನಮ್ಮ ಅಬ್ಬೆ. ನೀವು ಬಿಡಿಸ್ಕಂಡ ದಿನ ನಾ ದೇವರಿಗೆ ಕಾಯಿ ಒಡೆದೆ."

"ಪ್ರದೀಪಾ" ಎಂದಳು ಹೊನ್ನು.

"ಇದ್ದದ್ದು ಹೇಳ್ದೆ."

ಇಷ್ಟು ದಿನ ನಾಗಶ್ರೀ ಲೆಕ್ಕ ಹಾಕಿದ್ದು ತನ್ನ ಮಗುವಿಗೆ ಏನು ಬರಬಹುದು ಎಂದು. ತನ್ನ ಮನೆಯಿಂದ ಏನು ಹೋಯಿತು, ಯಾರ ಮನೆಗೆ ಹೋಯಿತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅಂಗಳದ ತುದಿಯವರೆಗೆ ಹಿಂದಿರುಗಿ ನೋಡದೆ ನಡೆದ ಹೆಂಗಸು ಗೆರಸಿಯಲ್ಲಿ ಹೊತ್ತದ್ದು ಮಗುವನ್ನಷ್ಟೇ ಅಲ್ಲ.

"ನಿಮ್ಗೆ ಹೆದ್ರಿಕೆ ಆಗ್ಲಿಲ್ವಾ ಹೊನ್ನಕ್ಕ?"

"ಆಯ್ತು. ಹಾಂಗಂತ ಬ್ಯಾಡ ಅಂದ್ರೆ ಯಾರ್ ಕೊಳ್ತಾರೆ? ಬಾಳಂತಿ ಮುಖ ನೋಡಿದ್ದೆ ನಾ ಕಿಟಕೀಲಿ. ನನ್ನ ಮನೇದನ್ನ ದೇವ್ರು ನೋಡ್ಕಣ್ತಾನೆ ಅಂದ್ಕಂಡೆ." ಹೊನ್ನು ಮೊಣಕಾಲಿಗೆ ಕೈ ಊರಿ ಎದ್ದಳು. "ಅದೆಲ್ಲ ಇರ್ಲಿ. ಸಿದ್ದೆ ಉಂಟು, ತೌಡು ಉಂಟು. ಅಕ್ಕಿ ಸಮೇತ ಹಾಂಗೇ ಇಟ್ಟಿದ್ದೆ, ಬೇಯ್ಸೂಕೆ ಮನ್ಸು ಬರ್ಲಿಲ್ಲ."

ಒಳಗೆ ಹೋಗಿ ಗೆರಸಿ ತಂದಳು. ಅಂಗಳದಲ್ಲಿ ಇಟ್ಟು, ಸೆರಗಿನಿಂದ ಅದರ ಧೂಳು ಒರೆಸಿ, ಮತ್ತೊಮ್ಮೆ ಒರೆಸಿದಳು. ನಾಗಶ್ರೀಗಾಗಿ. ಪ್ರದೀಪ ಕತ್ತಿ ಎತ್ತಿಕೊಂಡು ಬೇಲಿಯ ಕಡೆ ಹೊರಟುಹೋದ. ಕವಿತಾ ಕಂಬ ಹಿಡಿದು ನಿಂತೇ ಇದ್ದಳು. ಅವಳು ಬೇಡ ಎನ್ನಲಿಲ್ಲ. ಒಂದು ಕೈ ಮಾತ್ರ ಹೊಟ್ಟೆಯ ಮೇಲೆ ಹೋಗಿತ್ತು, ಅವಳಿಗೇ ತಿಳಿಯದ ಹಾಗೆ. ಆ ಕೈಯನ್ನು ನಾಗಶ್ರೀ ಬಲ್ಲಳು. ಎರಡು ಸಲ ಒಂಬತ್ತೊಂಬತ್ತು ತಿಂಗಳು ಅದೇ ಕೈ ಅವಳದಾಗಿತ್ತು.

"ತಾ ಇಲ್ಲಿ" ಎಂದಳು ಹೊನ್ನು.

ಮಗು ನಾಗಶ್ರೀಯ ಹೆಗಲಿಗೆ ಮುಖ ಉಜ್ಜುತ್ತಿತ್ತು. ಬೆಚ್ಚಗಿತ್ತು, ಬರೀ ಬಿಸಿಲಿನ ಬೆಚ್ಚಗೆ. ಕೈಯನ್ನು ಮತ್ತೊಮ್ಮೆ ಅದರ ಹಣೆಯ ಮೇಲಿಟ್ಟು ನೋಡಿದಳು.

"ಬ್ಯಾಡ ಹೊನ್ನಕ್ಕ."

"ಎಂತ ಬ್ಯಾಡ? ಅಷ್ಟು ದೂರದಿಂದ ಬಂದು?"

"ಇವ ನನ್ನ ಹತ್ರನೇ ಇರ್ಲಿ. ಬಂದದ್ದು ನನ್ನ ಮನೆಗೇ ಬರ್ಲಿ."

"ಹೆದ್ರಿ ಸಾಯ್ತಿ ನೀ."

"ಹೆದರ್ತೆ. ಕೊಟ್ಟಾಗ್ಲೂ ಹೆದರ್ತಿದ್ದೆ." ನಾಗಶ್ರೀ ಚಾಪೆಯಿಂದ ಎದ್ದು, ಹೊನ್ನುವಿನ ಹತ್ತಿರ ಹೋಗಿ, ಮಗುವನ್ನು ಗೆರಸಿಗಲ್ಲ, ಅವಳ ತೋಳಿಗೆ ಕೊಟ್ಟಳು. "ಕೊಳ್ಳೂದು ಬ್ಯಾಡ. ಸುಮ್ನೆ ಎತ್ಕಳಿ. ಬುಧವಾರ ಬನ್ನಿ."

ಹೊನ್ನು ಮಗುವನ್ನು ತೆಗೆದುಕೊಂಡಳು. ಮುಖಕ್ಕೆ ಮುಖ ತರಲು ಬಗ್ಗಿದವಳು ಅರ್ಧದಲ್ಲೇ ತಡೆದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೋಗ್ಲಿ, ಇನ್ಮೇಲೆ ಕವಳ ಬಿಟ್ಟೇ ಬತ್ತೆ ಮಾರಾಯ್ತಿ, ನಿಮ್ಮನೇಲಿರೂವರೆಗಾದ್ರೂ" ಎಂದಳು. ಅವಳ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಕವಿತಾ ಕಂಬ ಬಿಟ್ಟು ಬಂದು ಚಾಪೆಯ ಅಂಚಿನಲ್ಲಿ ನಿಧಾನವಾಗಿ ಕುಳಿತಳು. ಮಗುವಿನ ಪಾದವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಏನೋ ಕೇಳಬೇಕೆಂದು ಬಾಯಿ ತೆರೆದು, ಅತ್ತೆಯನ್ನು ನೋಡಿ ಮುಚ್ಚಿದಳು. ಮತ್ತೆ ತೆರೆದಳು.

"ಅಕ್ಕಾ, ನಿಮ್ಮ ಮೊದ್ಲಿಂದು... ಎಂತ ಆಗಿತ್ತು ಅದಕ್ಕೆ?"

"ಬಸರಿ ಕೇಳೂ ಮಾತಾ ಅದು?" ಹೊನ್ನು ಗದರಿದಳು. "ಏಳು, ಒಳಗೆ ನಡೆ."

ಕವಿತಾ ಏಳಲಿಲ್ಲ. ತಲೆ ತಗ್ಗಿಸಿ ಕುಳಿತೇ ಇದ್ದಳು. ಇವಳಿಗೂ ರಾತ್ರಿ ನಿದ್ದೆ ಬರುವುದಿಲ್ಲ ಎಂದು ನಾಗಶ್ರೀಗೆ ತಿಳಿಯಿತು. ಹೇಳಬಾರದು, ಅಪಶಕುನ. ಹೇಳಿದರೆ ಇನ್ನೂ ಹೆದರುತ್ತಾಳೆ. ಹೇಳದಿದ್ದರೆ? ತನಗೆ ಯಾರೂ ಹೇಳಿರಲಿಲ್ಲ.

"ಅದು ಭಾರೀ ಸಾಧು ಮಗು" ಎಂದಳು. ಎರಡು ವರ್ಷದ ಮೇಲೆ ಆ ಮಾತು ಅವಳದೇ ದನಿಯಲ್ಲಿ ಹೊರಬಂತು. "ಅಳ್ತಿರ್ಲಿಲ್ಲ. ನೋಡೂಕೆ ಬಂದವ್ರೆಲ್ಲ, ಎಂಥ ಸಾಧು, ಪುಣ್ಯ ಮಾಡಿದ್ದಿ ಅಂತಿದ್ರು. ನನ್ಗೂ ಹೆಮ್ಮೆ. ಒಂಬತ್ತನೇ ದಿನ ಬೆಳಿಗ್ಗೆ ಹಾಲು ಕುಡೀಲಿಲ್ಲ. ಮಲಗ್ಯದೆ, ಎಬ್ಬಿಸೂದು ಬ್ಯಾಡ ಅಂದ್ಕಂಡೆ. ಮಧ್ಯಾಹ್ನನೂ ಕುಡೀಲಿಲ್ಲ. ಕೈಕಾಲು ತಣ್ಣಗಿತ್ತು, ಚಳಿಗೆ ಅಂತ ಇನ್ನೊಂದು ಬಟ್ಟೆ ಸುತ್ತಿದೆ. ಯಾರಿಗೂ ಹೇಳ್ಲಿಲ್ಲ, ಸಾಧು ಮಗು ಅಂತ ಎಲ್ರೂ ಅಂತಿದ್ರಲ್ಲ. ಮಾರನೇ ದಿನ ಆಸ್ಪತ್ರೆಗೆ ಹೋಗೂವಾಗ ತಡ ಆಗಿತ್ತು. ನಿನ್ನೆನೇ ತಂದಿದ್ರೆ ಅಂದ್ರು ಡಾಕ್ಟ್ರು."

ನಾಗಶ್ರೀ ತನ್ನ ಚೀಲದಿಂದ ಚೀಟಿಯೊಂದನ್ನು ತೆಗೆದು ಮೊಣಕಾಲ ಮೇಲಿಟ್ಟು ಬರೆಯತೊಡಗಿದಳು.

"ಹುಟ್ಟಿದ ಮಗು ಅತ್ರೆ ಹೆದರ್ಬೇಡ. ಅಳದೆ, ಕುಡೀದೆ, ಎಬ್ಬಿಸಿದ್ರೂ ಏಳದೆ ಮಲಗಿದ್ರೆ ಕಾಯ್ಬೇಡ. ಬೆಳಗು ಆಗ್ಲಿ, ನಾಳೆ ನೋಡುವಾ ಅನ್ಬೇಡ. ಅಂಕೋಲೆ ಆಸ್ಪತ್ರೆಗೆ ಹೋಗು. ಇದು ನಮ್ಮ ಮನೆಯವ್ರ ಮೊಬೈಲ್ ನಂಬರು. ಯಾವ ಹೊತ್ತಿಗಾದ್ರೂ ಮಾಡಿ, ಗಾಡಿ ಮಾಡ್ಕಂಡು ಬರ್ತೇವೆ."

ಕವಿತಾ ಚೀಟಿ ತೆಗೆದುಕೊಂಡಳು. ಹೆದರಿದವಳಂತೆ ಕಾಣಲಿಲ್ಲ. ತುಟಿ ಅಲುಗಿಸಿ ಏನೋ ಎಣಿಸುತ್ತಿದ್ದಳು. ಅಳದಿದ್ರೆ. ಕುಡೀದಿದ್ರೆ. ತಣ್ಣಗಾದ್ರೆ. ಬೇಲಿಯ ಕಡೆ ಕತ್ತಿಯ ಸದ್ದು ಆಗಲೇ ನಿಂತಿತ್ತು. ಪ್ರದೀಪ ಬೆನ್ನು ಹಾಕಿ ಕುಳಿತಿದ್ದ, ಆದರೆ ತಲೆ ಇತ್ತ ಓರೆಯಾಗಿತ್ತು.

ಹೊನ್ನು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಅದರ ಪಾದವನ್ನು ಅಂಗೈಯಲ್ಲಿ ಹಿಡಿದಳು. ಐದು ಹೆತ್ತು ಐದೂ ಉಳಿಸಿಕೊಂಡ ಹೆಂಗಸು.

"ಇನ್ನೊಂದ್ ಸಲ ಹೇಳು ತಂಗಿ" ಎಂದಳು. "ಮೆಲ್ಲಗೆ ಹೇಳು. ನಾನೂ ಕಲೀಬೇಕು. ಪ್ರದೀಪಾ, ನೀನೂ ಬಾ ಇಲ್ಲಿ."

ಪ್ರದೀಪ ಎದ್ದು ಬಂದು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕುಳಿತ. ನಾಗಶ್ರೀ ಮೊದಲಿನಿಂದ ಹೇಳತೊಡಗಿದಳು.